ಸಂಧಿವಾತ ಇರುವವರಿಗೆ ಖಿನ್ನತೆಯ ಪ್ರಶ್ನಾವಳಿ: 13 ಅಂಕ ಬಂದರೆ ನಂಬಬೇಕೇ?

ನಿಮ್ಮ ಪ್ರಶ್ನೆ ಓದಿದೆ. ಅಮ್ಮನಿಗೆ ಎಂಟು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಈ ಸಲ ತೋರಿಸಲು ಹೋದಾಗ ಒಂಬತ್ತು ಪ್ರಶ್ನೆಗಳ ಹಾಳೆ ಕೊಟ್ಟರು, 13 ಅಂಕ ಬಂತು, ಮನೋವೈದ್ಯರನ್ನು ಕಾಣಿ ಎಂದರು. "ನಿದ್ದೆ ಇಲ್ಲ, ಸುಸ್ತು, ಓಡಾಟ ನಿಧಾನ, ಇದೆಲ್ಲ ಕೀಲುನೋವಿನದ್ದೇ ಅಲ್ವಾ? ಇದನ್ನ ಖಿನ್ನತೆ ಅಂತ ಹೇಗೆ ಹೇಳ್ತಾರೆ?" ಎಂದು ಕೇಳಿದ್ದೀರಿ.

ನಾನು ಆಸ್ಪತ್ರೆಯೊಂದರಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಸಂಧಿವಾತದ ಓಪಿಡಿ ಇರುವ ದಿನ ಇಂಥದ್ದೇ ಹಾಳೆ ಹಿಡಿದು ರೋಗಿಗಳ ಜೊತೆ ಕೂರುತ್ತೇನೆ. ಬೆರಳು ಊದಿ ಪೆನ್ನು ಹಿಡಿಯಲಾಗದವರು ಬಹಳ ಜನ, ಹಾಗಾಗಿ ನಾನೇ ಓದಿ, ಅವರು ಹೇಳಿದ್ದಕ್ಕೆ ನಾನೇ ಗುರುತು ಹಾಕುತ್ತೇನೆ. ನಿಮ್ಮ ಅನುಮಾನ ಸರಿಯಾದದ್ದು. ಆದರೆ ಆ ಅನುಮಾನ ಇಟ್ಟುಕೊಂಡು "ಹಾಗಾದ್ರೆ ಹೋಗೋದು ಬೇಡ" ಅನ್ನಬೇಡಿ ಎಂದು ಕೇಳಿಕೊಳ್ಳಲಿಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಹೇಳಿದ್ದು ನೋಡಿದರೆ ಅದು ಪಿಎಚ್‌ಕ್ಯೂ-9. ಕಳೆದ ಎರಡು ವಾರದಲ್ಲಿ ಯಾವ ತೊಂದರೆ ಎಷ್ಟು ದಿನ ಇತ್ತು ಎಂದು ಕೇಳುತ್ತದೆ. ಇಲ್ಲವೇ ಇಲ್ಲ ಎಂದರೆ 0, ಹೆಚ್ಚುಕಡಿಮೆ ದಿನಾ ಇತ್ತು ಎಂದರೆ 3. ಒಟ್ಟು ಹೆಚ್ಚೆಂದರೆ 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಎಂಬ ಮೂವರು 2001ರಲ್ಲಿ ಇದರ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅಮೆರಿಕದ ಸಾಮಾನ್ಯ ಕ್ಲಿನಿಕ್ಕುಗಳಿಗೂ ಸ್ತ್ರೀರೋಗ ಕ್ಲಿನಿಕ್ಕುಗಳಿಗೂ ಬಂದ 6000 ಜನರಿಗೆ ಹಾಳೆ ಕೊಟ್ಟು, ಅವರಲ್ಲಿ 580 ಜನರನ್ನು ಮಾನಸಿಕ ಆರೋಗ್ಯ ತಜ್ಞರಿಂದ ಪ್ರತ್ಯೇಕವಾಗಿ ಸಂದರ್ಶನ ಮಾಡಿಸಿ ತಾಳೆ ನೋಡಿದರು. ನಿಜವಾಗಿ ಖಿನ್ನತೆ ಇದ್ದವರಲ್ಲಿ ನೂರಕ್ಕೆ 88 ಜನರನ್ನು ಹಾಳೆ ಹಿಡಿಯಿತು. ಇಲ್ಲದವರಲ್ಲಿ ನೂರಕ್ಕೆ 88 ಜನರನ್ನು ಸರಿಯಾಗಿ ಬಿಟ್ಟಿತು.

ಅವರೆಲ್ಲ ನಾನಾ ಕಾಯಿಲೆಗೆಂದು ಬಂದ ಜನ. ಬೆಳಿಗ್ಗೆ ಎದ್ದು ಮುಷ್ಟಿ ಕಟ್ಟಲು ಒಂದು ಗಂಟೆ ಬೇಕಾಗುವವರ ಗುಂಪಿನಲ್ಲಿ ಅದೇ ಹಾಳೆ ಅಷ್ಟೇ ಸರಿಯಾಗಿ ಕೆಲಸ ಮಾಡುತ್ತದೆಂದು ಸುಮ್ಮನೆ ಒಪ್ಪಿಕೊಳ್ಳುವಂತಿಲ್ಲ, ಮತ್ತೆ ಪರೀಕ್ಷಿಸಲೇಬೇಕು. ಒಂದು ಲೆಕ್ಕ ಹಾಕಿ. ನಿದ್ದೆ, ಸುಸ್ತು, ಊಟ, ನಿಧಾನ ಈ ನಾಲ್ಕಕ್ಕೂ ಒಬ್ಬರು "ದಿನಾ" ಎಂದರೆ ಅಲ್ಲಿಗೆ 12 ಆಯಿತು. ಮನಸ್ಸಿನ ಬಗ್ಗೆ ಒಂದು ಪ್ರಶ್ನೆಗೂ ಹೌದು ಎನ್ನದೆ ಗಡಿ ದಾಟಿಬಿಡಬಹುದು. ನೋವಿನಿಂದ ನಿದ್ದೆ ಹೋಗುತ್ತದೆ. ಉರಿಯೂತವೇ ಸುಸ್ತು ತರುತ್ತದೆ, ರಕ್ತಹೀನತೆ ಸೇರಿದರೆ ಕೇಳುವುದೇ ಬೇಡ. ಸ್ಟೀರಾಯ್ಡ್ ಮಾತ್ರೆ ನಿದ್ದೆ ಕೆಡಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಕೆಲವರಿಗೆ ಮನಸ್ಸಿನ ಸ್ಥಿತಿಯನ್ನೂ ಏರುಪೇರು ಮಾಡುತ್ತದೆ.

2013ರಲ್ಲಿ ಫೇಯ್ತ್ ಮ್ಯಾಚಮ್ ಮತ್ತು ಸಂಗಡಿಗರು ರುಮಟಾಯ್ಡ್ ಸಂಧಿವಾತದ 72 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ತಜ್ಞರ ಮಾನದಂಡದ ಪ್ರಕಾರ ತೀವ್ರ ಖಿನ್ನತೆ ಇದ್ದವರು 16.8 ಶೇಕಡಾ. ಪಿಎಚ್‌ಕ್ಯೂ-9 ಬಳಸಿದ ಅಧ್ಯಯನಗಳಲ್ಲಿ ಆ ಸಂಖ್ಯೆ 38.8. ಅಧ್ಯಯನಗಳು ಬೇರೆ ಬೇರೆ, ಹಾಳೆ ಹಿಡಿಯುವ ಸೌಮ್ಯ ಖಿನ್ನತೆಯೂ ಅದರಲ್ಲಿ ಸೇರಿರುತ್ತದೆ, ಹಾಗಾಗಿ ಉಳಿದದ್ದೆಲ್ಲ ತಪ್ಪು ಎನ್ನುವ ಹಾಗಿಲ್ಲ. ಆದರೂ ಹಾಳೆಯ ಅಂಕವನ್ನೇ ರೋಗದ ಹೆಸರು ಎಂದು ಓದಬಾರದು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಹಾಗಾದರೆ ದೇಹದ ಪ್ರಶ್ನೆಗಳೇ ಇಲ್ಲದ ಹಾಳೆ ಕೊಡಬಾರದೇ? ಆ ಪ್ರಯತ್ನವೂ ಆಗಿದೆ. 1983ರಲ್ಲಿ ಜಿಗ್ಮಂಡ್ ಮತ್ತು ಸ್ನೇತ್ ಆಸ್ಪತ್ರೆಯ ರೋಗಿಗಳಿಗೆಂದೇ ಎಚ್‌ಎಡಿಎಸ್ ಎಂಬ 14 ಪ್ರಶ್ನೆಗಳ ಹಾಳೆ ಮಾಡಿದರು. ಏಳು ಆತಂಕಕ್ಕೆ, ಏಳು ಖಿನ್ನತೆಗೆ. ದೇಹದ ಲಕ್ಷಣಗಳನ್ನು ಬೇಕೆಂದೇ ಹೊರಗಿಟ್ಟರು. ಆದರೂ "ನಾನು ನಿಧಾನವಾಗಿಬಿಟ್ಟಿದ್ದೇನೆ ಅನ್ನಿಸುತ್ತದೆ" ಎಂಬ ಅರ್ಥದ ಒಂದು ಪ್ರಶ್ನೆ ಒಳಗೆ ಉಳಿದುಕೊಂಡಿತು. ಮಂಡಿ ಹಿಡಿದವರು ಅದಕ್ಕೆ ಹೌದು ಎನ್ನದೆ ಇನ್ನೇನು ಹೇಳುತ್ತಾರೆ? ಗಡಿ ಎಲ್ಲಿ ಎಳೆಯಬೇಕೆಂಬುದೂ ಬಗೆಹರಿದಿಲ್ಲ. ಅದೇ 2013ರ ಲೆಕ್ಕದಲ್ಲಿ ಈ ಹಾಳೆಯಲ್ಲಿ 8ಕ್ಕೆ ಗಡಿ ಇಟ್ಟರೆ ಖಿನ್ನತೆ ಇರುವವರು ಶೇಕಡಾ 34.2, 11ಕ್ಕೆ ಇಟ್ಟರೆ 14.8.

ಇಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಒಬ್ಬರಿಗೆ ಮೊದಲ ಪ್ರಶ್ನೆ ಓದಿದೆ: ಕೆಲಸಗಳಲ್ಲಿ ಆಸಕ್ತಿಯಾಗಲಿ ಖುಷಿಯಾಗಲಿ ಇಲ್ಲವೇ? "ಆಸಕ್ತಿ ಇದೆ ಕಣಮ್ಮ, ಬೆರಳು ಕೇಳಲ್ಲ" ಎಂದರು. ಮನೆಯಲ್ಲಿ ಮಾರುಗಟ್ಟಲೆ ಮಲ್ಲಿಗೆ ಕಟ್ಟುತ್ತಿದ್ದವರು. ಈಗ ದಾರದ ಗಂಟು ಎಳೆಯಲು ಹೆಬ್ಬೆರಳು ಬರುವುದಿಲ್ಲ. ಸೊಸೆ ಕಟ್ಟುತ್ತಾಳೆ, ಇವರು ಪಕ್ಕದಲ್ಲಿ ಕೂತು ಮೊಗ್ಗು ಜೋಡಿಸಿಕೊಡುತ್ತಾರೆ. ಹೇಳುವಾಗ ಕೈ ಮಡಿಲಲ್ಲೇ ಇತ್ತು, ಬೆರಳು ಮಾತ್ರ ದಾರ ಹಿಡಿದಂತೆ ಆಡುತ್ತಿದ್ದವು. ಅವರ ಅಂಕ ಗಡಿ ದಾಟಿತ್ತು. ಸಂದರ್ಶನದಲ್ಲಿ ಖಿನ್ನತೆ ಇಲ್ಲ ಎಂದಾಯಿತು, ರಾತ್ರಿ ನೋವಿಗೆ ಔಷಧಿ ಸರಿಮಾಡಿದರು.

ಇನ್ನೊಬ್ಬರು ಎಲ್ಲವನ್ನೂ ಕೀಲಿನ ಮೇಲೆ ಹಾಕಿದರು. ನಿದ್ದೆ ಇಲ್ಲ, ನೋವು. ಊಟ ಸೇರಲ್ಲ, ಮಾತ್ರೆ. ಊತ ಇಳಿದಿತ್ತು, ರಕ್ತಪರೀಕ್ಷೆ ಚೆನ್ನಾಗಿಯೇ ಇತ್ತು. "ನೋವು ಕಮ್ಮಿ ಇದ್ದ ದಿನ ಏನ್ ಮಾಡ್ತೀರಿ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೂ ಗೋಡೆ ಕಡೆ ತಿರುಗಿ ಮಲಗ್ತೀನಿ" ಎಂದರು. ಜೊತೆಗೆ ಬಂದಿದ್ದ ಮಗ ಚೀಟಿ ತರಲು ಆಚೆ ಹೋದ ಮೇಲೆ, "ಎಲ್ರಿಗೂ ಹೊರೆಯಾಗಿಬಿಟ್ಟಿದೀನಿ, ಹೋಗಿಬಿಟ್ರೆ ಅವರಿಗೂ ಬಿಡುಗಡೆ" ಎಂದು ಮೆಲ್ಲಗೆ ಹೇಳಿದರು. ಸತ್ತರೇ ಮೇಲು ಅನ್ನಿಸಿದೆಯೇ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ಕೇಳುವ ಒಂಬತ್ತನೇ ಪ್ರಶ್ನೆ ಅದೇ. ಮಗ ಎದುರಿಗಿದ್ದಾಗ ಅದಕ್ಕೆ "ಇಲ್ಲವೇ ಇಲ್ಲ" ಎಂದು ಗುರುತು ಹಾಕಿಸಿದ್ದರು.

ಸುಸ್ತಿಗೆ ಕೀಲು ಕಾರಣವಿರಬಹುದು ಎಂಬುದನ್ನು ಮರೆತರೆ ಬೇಡದ ಮಾತ್ರೆ ಸೇರಬಹುದು. ಎಲ್ಲವೂ ಕೀಲಿನದ್ದೇ ಎಂದುಕೊಂಡರೆ ಇಂಥವರು ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತಾರೆ. ಎರಡನೆಯದನ್ನು ಕಂಡರೆ ನನಗೆ ಹೆಚ್ಚು ಭಯ. ಕೀಲಿನ ಚಿಕಿತ್ಸೆಗೂ ಇದರಿಂದ ಪೆಟ್ಟು. ರೋಗ ಎಷ್ಟು ಚುರುಕಾಗಿದೆ ಎಂದು ಅಳೆಯುವ ಡಿಎಎಸ್-28 ಲೆಕ್ಕದಲ್ಲಿ ಮುಟ್ಟಿದರೆ ನೋಯುವ ಕೀಲುಗಳ ಸಂಖ್ಯೆಯೂ "ಒಟ್ಟಾರೆ ಹೇಗಿದ್ದೀರಿ" ಎಂಬುದಕ್ಕೆ ರೋಗಿಯ ಉತ್ತರವೂ ಸೇರುತ್ತವೆ. ಮನಸ್ಸು ಕುಗ್ಗಿದವರಲ್ಲಿ ಊತ ಇಳಿದರೂ ಇವೆರಡು ಇಳಿಯದೆ ಇರಬಹುದು. ಆಗ ಔಷಧಿ ಕೆಲಸ ಮಾಡುತ್ತಿಲ್ಲವೆಂದೇ ಕಾಣುತ್ತದೆ.

ಈಗ ಅಮ್ಮನ ಹಾಳೆಗೆ ಬನ್ನಿ. ಒಟ್ಟು 13 ಎಂಬುದನ್ನು ಬಿಟ್ಟು, ಅದು ಎಲ್ಲಿಂದ ಬಂತು ನೋಡಿ. ಮೊದಲು ಒಂಬತ್ತನೆಯದು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ಒಟ್ಟು ಅಂಕ ಎಷ್ಟೆಂದು ನೋಡಬೇಡಿ, ಕಾಯಲೂಬೇಡಿ. ಆಮೇಲೆ ಒಂದು, ಎರಡು ಮತ್ತು ಆರು: ಖುಷಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ತನ್ನ ಬಗ್ಗೆಯೇ ಬೇಸರ. ತೀವ್ರ ಖಿನ್ನತೆ ಎನ್ನಬೇಕಾದರೆ ಮೊದಲೆರಡರಲ್ಲಿ ಒಂದಾದರೂ ಅರ್ಧಕ್ಕಿಂತ ಹೆಚ್ಚು ದಿನ ಇದ್ದಿರಬೇಕು. ಅಲ್ಲೆಲ್ಲ ಸೊನ್ನೆ ಇದ್ದು 13ರಲ್ಲಿ ಹೆಚ್ಚಿನದೆಲ್ಲ ದೇಹದ ಪ್ರಶ್ನೆಗಳಿಂದಲೇ ಬಂದಿದ್ದರೆ ನಿಮ್ಮ ಊಹೆಗೆ ಬಲವಿದೆ. ಆದರೆ ನೀವು ಮನೆಯಲ್ಲಿ ಕೂತು ತೀರ್ಮಾನ ಮಾಡುವುದಲ್ಲ ಅದು. ಹಾಳೆಯ ಕೆಲಸ ಬಾಗಿಲು ತಟ್ಟುವುದಷ್ಟೇ, ಸಂದರ್ಶನ ಮನೋವೈದ್ಯರದ್ದು.

ಹೋಗುವಾಗ ಆ ಹಾಳೆ, ಈಗ ನಡೆಯುತ್ತಿರುವ ಮಾತ್ರೆಗಳ ಪಟ್ಟಿ, ಸ್ಟೀರಾಯ್ಡ್ ಪ್ರಮಾಣ ಯಾವಾಗ ಬದಲಾಯಿತು ಎಂಬುದು, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ವರದಿ ಇದ್ದರೆ ಅದನ್ನೂ ಒಯ್ಯಿರಿ. ರಾತ್ರಿ ಎಚ್ಚರವಾಗುವುದು ನೋವಿಗೋ ಅಥವಾ ನೋವಿಲ್ಲದೆಯೂ ಬೆಳಗಿನ ಜಾವ ಎಚ್ಚರಾಗಿ ಮತ್ತೆ ನಿದ್ದೆ ಬರುವುದಿಲ್ಲವೋ, ಒಂದು ವಾರ ಅಮ್ಮನನ್ನು ಕೇಳಿ ಬರೆದಿಡಿ. ಅಪಾಯಿಂಟ್‌ಮೆಂಟ್ ದೂರವಿದ್ದು ಒಂಬತ್ತನೇ ಪ್ರಶ್ನೆಯ ಚಿಂತೆ ಇದ್ದರೆ ಟೆಲಿ ಮಾನಸ್ 14416ಕ್ಕೆ ಕರೆಮಾಡಿ. ಸರ್ಕಾರದ ಸೇವೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಅಪಾಯ ಅನ್ನಿಸಿದರೆ ಅಮ್ಮನನ್ನು ಒಬ್ಬರೇ ಬಿಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಒಳಗೆ ಹೋದ ಮೇಲೆ ಅಮ್ಮನ ಪರವಾಗಿ ನೀವೇ ಉತ್ತರ ಕೊಡಬೇಡಿ. ಹತ್ತು ನಿಮಿಷ ಆಚೆ ಬೆಂಚಿನ ಮೇಲೆ ಕೂತಿರಿ, ಡಾಕ್ಟರ ಹತ್ತಿರ ಅವರೊಬ್ಬರೇ ಮಾತಾಡಲಿ.