ಕೊನೆಗೆ ಎಲ್ಲರೂ ಸಾಯೋ ನಾಟಕಗಳನ್ನ ಹೈಸ್ಕೂಲಲ್ಲಿ ಯಾಕೆ ಓದಿಸ್ತಾರೆ? ಅವನ್ನ ಓದೋದು ಹೇಗೆ?

ನೀವು ಕೇಳಿರೋದು ಇಷ್ಟು: ಕ್ಲಾಸಲ್ಲಿ ಈಡಿಪಸ್, ಅಂತಿಗೊನೆ, ರೋಮಿಯೋ ಜೂಲಿಯೆಟ್, ಮ್ಯಾಕ್‌ಬೆತ್ ಅಂತ ಒಂದಾದ ಮೇಲೊಂದು ದುರಂತ ನಾಟಕಾನೇ ಬರ್ತಿದೆ, ಕೊನೆ ಏನಾಗತ್ತೆ ಅಂತ ಮೊದಲೇ ಗೊತ್ತಿರತ್ತೆ, ಪ್ರತಿ ಸಲ ಪರೀಕ್ಷೆಗೆ "ನಾಯಕನ ದೋಷ ಯಾವುದು, ವಿವರಿಸಿ" ಅಂತಾನೇ ಕೇಳ್ತಾರೆ, ಇದರಲ್ಲಿ ಓದೋಕೆ ಏನಿದೆ? ನಾನು ಹೈಸ್ಕೂಲ್ ಮಕ್ಕಳಿಗೆ ಸಾಹಿತ್ಯ ಪಾಠ ಮಾಡೋನು, ಈ ನಾಟಕಗಳನ್ನ ಬೇರೆ ಬೇರೆ ಬ್ಯಾಚ್ ಜೊತೆ ಮತ್ತೆ ಮತ್ತೆ ಓದಿದೀನಿ, ಹಾಗಾಗಿ ಸ್ವಲ್ಪ ಉದ್ದಾನೇ ಬರೀತೀನಿ. ನಿಮ್ಮ ಬೇಜಾರಿಗೆ ನಾಟಕ ಕಾರಣ ಅಲ್ಲ, ಆ "ದೋಷ" ಪ್ರಶ್ನೆ ಕಾರಣ ಅನ್ನೋದು ನನ್ನ ಅಭಿಪ್ರಾಯ.

ಈಡಿಪಸ್‌ನಿಂದಲೇ ಶುರು ಮಾಡೋಣ. ನೂರಕ್ಕೆ ತೊಂಬತ್ತು ಉತ್ತರಪತ್ರಿಕೆಲಿ "ಈಡಿಪಸ್‌ನ ದೋಷ ಅಹಂಕಾರ" ಅಂತ ಇರತ್ತೆ, ಗೈಡಲ್ಲೂ ಅದೇ ಇರತ್ತೆ. ಆದ್ರೆ ಅವನು ಮಾಡಿದ್ದೇನು ಅಂತ ಸ್ವಲ್ಪ ನೋಡಿ. ಅಪ್ಪನನ್ನ ಕೊಂದು ಅಮ್ಮನನ್ನ ಮದುವೆ ಆಗ್ತೀಯ ಅನ್ನೋ ಭವಿಷ್ಯ ಕಿವಿಗೆ ಬಿದ್ದ ಕೂಡಲೇ, ತನ್ನ ಹೆತ್ತವರು ಅಂದ್ಕೊಂಡಿರೋರಿಗೆ ಕೇಡಾಗಬಾರದು ಅಂತ ಕಾರಿಂತ್ ಊರನ್ನೇ ಬಿಟ್ಟು ಹೋಗ್ತಾನೆ. ಥೀಬ್ಸಲ್ಲಿ ಪಿಡುಗು ಬಂದು ಜನ ಸಾಯ್ತಿರುವಾಗ ಅದರ ಕಾರಣ ಹುಡುಕೋಕೆ ಹೊರಡ್ತಾನೆ, ಇದು ರಾಜ ಆದವನು ಮಾಡಬೇಕಾದ ಕೆಲಸಾನೇ. ಸಿಟ್ಟು ಜಾಸ್ತಿ, ಒಪ್ಕೋತೀನಿ. ದಾರಿಲಿ ಅಡ್ಡ ಬಂದವನನ್ನ ಹೊಡೆದು ಕೊಂದಿದ್ದು ಸಿಟ್ಟಲ್ಲೇ, ಟೈರೀಸಿಯಸ್ ಅನ್ನೋ ಭವಿಷ್ಯ ಹೇಳೋ ಕುರುಡ ಮುದುಕನ ಮೇಲೆ ಎಗರಾಡೋದೂ ಸಿಟ್ಟಲ್ಲೇ. ಆದ್ರೆ ಸಿಟ್ಟಿನ ಮನುಷ್ಯರು ಎಷ್ಟು ಜನ ಇಲ್ಲ, ಎಲ್ಲರಿಗೂ ಹೀಗೆ ಆಗತ್ತಾ? ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕೂಡ, ದುರಂತದ ನಾಯಕ ತೀರಾ ಕೆಟ್ಟವನೂ ಆಗಿರಬಾರದು, ಅವನು ಬೀಳೋದು ಕೆಟ್ಟತನದಿಂದಲ್ಲ, ಯಾವುದೋ ಒಂದು ತಪ್ಪಿನಿಂದ ಅಂತಾನೇ ಹೇಳಿರೋದು. ಅದನ್ನ ಸ್ವಭಾವದ ದೋಷ ಅಂತ ಹಿಗ್ಗಿಸಿ, ಪ್ರತಿ ನಾಯಕನಿಗೂ ಒಂದೊಂದು ಲೇಬಲ್ ಹಚ್ಚೋ ಅಭ್ಯಾಸ ಆಮೇಲೆ ಬಂದಿದ್ದು.

ಲೇಬಲ್ ಹಚ್ಚೋ ಭರದಲ್ಲಿ ಏನು ಕಳ್ಕೋತೀವಿ ಗೊತ್ತಾ? ಈ ನಾಟಕದಲ್ಲಿ ಈಡಿಪಸ್‌ನ ಕಟ್ಟಿಹಾಕೋರು ಯಾರೂ ಅವನ ಶತ್ರುಗಳಲ್ಲ, ಸಮಾಧಾನ ಹೇಳೋಕೆ ಬಂದವರು. ಹೆಂಡತಿ ಜೊಕಾಸ್ಟಾ ಬಂದು "ಭವಿಷ್ಯವಾಣಿಗಳನ್ನೆಲ್ಲಾ ನಂಬ್ಬೇಡ, ನನ್ನ ಮೊದಲನೇ ಗಂಡ ಲೇಯಸ್, ಮಗನ ಕೈಲಿ ಸಾಯ್ತಾನೆ ಅಂದಿದ್ರು, ಆದ್ರೆ ಅವನನ್ನ ಕೊಂದಿದ್ದು ಕಳ್ಳರು, ಅದೂ ಮೂರು ದಾರಿ ಸೇರೋ ಜಾಗದಲ್ಲಿ" ಅನ್ನೋ ಅರ್ಥದಲ್ಲಿ ಹೇಳ್ತಾಳೆ. ಅವಳು ಹೇಳಿದ್ದು ಧೈರ್ಯ ತುಂಬೋಕೆ. ಅವನಿಗೆ ಮಾತ್ರ ಆ ಮೂರು ದಾರಿ ಅನ್ನೋ ಮಾತಿನಲ್ಲೇ ಎದೆ ಧಸಕ್ ಅನ್ನತ್ತೆ, ಯಾಕಂದ್ರೆ ಅಂಥದೇ ಜಾಗದಲ್ಲಿ ಅವನೂ ಒಬ್ಬನನ್ನ ಕೊಂದಿದಾನೆ. ಆಮೇಲೆ ಕಾರಿಂತ್‌ನಿಂದ ಒಬ್ಬ ದೂತ ಬರ್ತಾನೆ, ನಿಮ್ಮಪ್ಪ ತೀರ್ಕೊಂಡ್ರು, ನೀನೇ ಈಗ ರಾಜ ಅಂತ. ಅಪ್ಪನ ಭಯ ಹೋಯ್ತು, ಆದ್ರೆ ಅಮ್ಮ ಇನ್ನೂ ಬದುಕಿದಾಳಲ್ಲ ಅಂತ ಈಡಿಪಸ್ ಹಿಂಜರಿದಾಗ ಆ ದೂತ ಪಾಪ, ಅದಕ್ಕೆ ಯಾಕೆ ಭಯ, ನೀನು ಅವರ ಹೆತ್ತ ಮಗ ಅಲ್ಲವೇ ಅಲ್ಲ, ಮಗುವಾಗಿದ್ದಾಗ ನಿನ್ನನ್ನ ಅಲ್ಲಿಗೆ ತಗೊಂಡು ಹೋಗಿದ್ದೇ ನಾನು ಅಂತ ಬಾಯಿಬಿಡ್ತಾನೆ. ಒಳ್ಳೇ ಸುದ್ದಿ ಅಂದ್ಕೊಂಡೇ ಹೇಳೋದು! ಕಥೆ ಅಲ್ಲಿ ತಿರುಗತ್ತೆ. ಅರಿಸ್ಟಾಟಲ್ ಉದಾಹರಣೆ ಕೊಡೋದೂ ಇದೇ ದೃಶ್ಯಾನ. (ಅಂದಹಾಗೆ ಇಷ್ಟು ಗಟ್ಟಿಯಾಗಿ ಕಟ್ಟಿದ ನಾಟಕಕ್ಕೆ ಅಥೆನ್ಸ್‌ನ ಸ್ಪರ್ಧೆಲಿ ಮೊದಲ ಬಹುಮಾನ ಬರಲಿಲ್ಲ ಅಂತ ಹಳೇ ಟಿಪ್ಪಣಿ ಇದೆ. ತೀರ್ಪುಗಾರರ ಕಥೆ ಆಗಲೂ ಅಷ್ಟೇ.)

ಈಗ ನಿಮ್ಮ ಇನ್ನೊಂದು ತಕರಾರು, ಕೊನೆ ಮೊದಲೇ ಗೊತ್ತಿರತ್ತೆ ಅನ್ನೋದು. ಅಥೆನ್ಸ್‌ನ ಬಯಲಲ್ಲಿ ಕೂತು ನೋಡ್ತಿದ್ದೋರಿಗೂ ಈಡಿಪಸ್ ಕಥೆ ಗೊತ್ತಿತ್ತು, ಅದು ಅವರ ಪುರಾಣ. ರೋಮಿಯೋ ಜೂಲಿಯೆಟ್‌ಲಿ ಶೇಕ್ಸ್‌ಪಿಯರ್ ಮೊದಲ ಹದಿನಾಲ್ಕು ಸಾಲಲ್ಲೇ ಇವರಿಬ್ಬರೂ ಸಾಯ್ತಾರೆ ಅಂತ ಹೇಳಿಬಿಡ್ತಾನೆ. ಅಂದ್ರೆ ಇವರು ಯಾರೂ ಕೊನೆಯನ್ನ ಬಚ್ಚಿಡೋ ಆಟ ಆಡ್ತಾನೇ ಇಲ್ಲ. ನಮಗೆ ಗೊತ್ತು, ವೇದಿಕೆ ಮೇಲಿರೋನಿಗೆ ಗೊತ್ತಿಲ್ಲ, ಈ ಅಂತರದಲ್ಲೇ ಇಡೀ ನಾಟಕ ನಡೆಯತ್ತೆ. ಹಾಗಾಗಿ ನಾನು ಕ್ಲಾಸಲ್ಲಿ ದೋಷದ ಪ್ರಶ್ನೆ ಪಕ್ಕಕ್ಕಿಟ್ಟು ಒಂದೇ ಕೆಲಸ ಕೊಡ್ತೀನಿ, ಪ್ರತಿ ದೃಶ್ಯದ ಮಗ್ಗುಲಲ್ಲಿ ಪೆನ್ಸಿಲಲ್ಲಿ ಬರ್ಕೊಳ್ಳಿ, ಈ ಕ್ಷಣದಲ್ಲಿ ಯಾರಿಗೆ ಏನು ಗೊತ್ತು, ಯಾರಿಗೆ ಏನು ಗೊತ್ತಿಲ್ಲ, ಗೊತ್ತಿರೋದ್ರ ಮೇಲೆ ಅವರು ತಗೊಂಡ ನಿರ್ಧಾರ ಏನು. ಅಷ್ಟೇ.

ಇದನ್ನ ಮಾಡಿ ನೋಡಿ, ಈಡಿಪಸ್‌ಲಿ ಒಂದು ಜಾಗ ಸಿಗತ್ತೆ. ದೂತನೂ ಈಡಿಪಸ್ಸೂ ಮಾತಾಡ್ತಿರುವಾಗ ಜೊಕಾಸ್ಟಾ ಪಕ್ಕದಲ್ಲೇ ನಿಂತಿರ್ತಾಳೆ, ಸುಮಾರು ಹೊತ್ತು ಒಂದು ಮಾತೂ ಆಡಲ್ಲ. ಮಗುವನ್ನ ಕೊಟ್ಟಿದ್ದು ಲೇಯಸ್‌ನ ಕಡೆಯ ಕುರುಬ ಅಂತ ಬಂದಾಗ ಅವಳಿಗೆ ಎಲ್ಲಾ ಗೊತ್ತಾಗಿಹೋಗಿದೆ. ಆಮೇಲೆ ಬಾಯಿ ತೆಗೆದವಳು ಕೇಳೋದು ಒಂದೇ, ಇನ್ನು ಸಾಕು, ಹುಡುಕ್ಬೇಡ. ಅವನು ಅಂದ್ಕೊಳ್ಳೋದು ಏನು ಅಂದ್ರೆ, ನಾನು ಕೀಳು ಕುಲದವನು ಅಂತ ಆಚೆ ಬಂದ್ರೆ ಇವಳಿಗೆ ನಾಚಿಕೆ, ಅದಕ್ಕೇ ತಡೀತಿದಾಳೆ ಅಂತ. ಓದುವಾಗ ಅವಳಿಗೆ ಸಾಲುಗಳೇ ಇಲ್ಲದ್ದರಿಂದ ಅವಳು ಅಲ್ಲಿದಾಳೆ ಅನ್ನೋದೇ ಮರೆತುಹೋಗತ್ತೆ, ಪುಸ್ತಕದಲ್ಲಿ ನಾಟಕ ಓದೋದ್ರ ದೊಡ್ಡ ತೊಂದರೆ ಇದು. ಒಬ್ಬ ಹುಡುಗಿನ ಸುಮ್ನೆ ಅಲ್ಲಿ ನಿಲ್ಲಿಸಿ ಉಳಿದಿಬ್ಬರ ಕೈಲಿ ಓದಿಸಿದ್ರೆ ಇಡೀ ಕ್ಲಾಸು ಓದೋರನ್ನ ಬಿಟ್ಟು ಅವಳನ್ನೇ ನೋಡತ್ತೆ.

ಅಂತಿಗೊನೆಗೆ ಬಂದ್ರೆ, ಇಲ್ಲಿ ಇಬ್ಬರದೂ ಸರಿ, ಎರಡು ಸರಿಗಳ ಡಿಕ್ಕಿ ಅಂತ ಜರ್ಮನ್ ತತ್ವಜ್ಞಾನಿ ಹೆಗೆಲ್ ಹೇಳಿದ್ದನ್ನ ಎಲ್ಲಾ ಕಡೆ ಬರೆಸ್ತಾರೆ. ಊರಿನ ಮೇಲೆ ದಂಡೆತ್ತಿ ಬಂದವನ ಹೆಣಕ್ಕೆ ಸಂಸ್ಕಾರ ಇಲ್ಲ ಅನ್ನೋದು ರಾಜ ಕ್ರಿಯಾನ್‌ನ ಆಜ್ಞೆ, ಅವನು ನನ್ನಣ್ಣ, ಮಣ್ಣು ಹಾಕೇ ಹಾಕ್ತೀನಿ ಅನ್ನೋದು ಅಂತಿಗೊನೆಯ ಹಠ. ನನಗೆ ತಕ್ಕಡಿ ಅಷ್ಟು ಸಮ ಅನ್ಸಲ್ಲ, ನಾಟಕ ಕೊನೆಕೊನೆಗೆ ಅವಳ ಕಡೆಗೇ ವಾಲತ್ತೆ. ಆದ್ರೆ ಕ್ರಿಯಾನ್ ಖಳನಾಯಕನೂ ಅಲ್ಲ, ಅವನ ಮೊದಲನೇ ಭಾಷಣ ಮಾತ್ರ ಕತ್ತರಿಸಿ ಕೊಟ್ರೆ ಅರ್ಧ ಕ್ಲಾಸು ಅವನಿಗೇ ಓಟು ಹಾಕತ್ತೆ. ಮಗ ಹೀಮನ್ ಬಂದು, ಪ್ರವಾಹಕ್ಕೆ ಬಗ್ಗೋ ಮರ ಉಳ್ಕೊಳ್ಳತ್ತೆ, ಸೆಟೆದು ನಿಂತಿದ್ದು ಬೇರು ಸಮೇತ ಹೋಗತ್ತೆ ಅಂತ ಎಷ್ಟು ಮರ್ಯಾದೆಯಿಂದ ಹೇಳಿದ್ರೂ ಕೇಳಲ್ಲ. ಕೊನೆಗೆ ಬಗ್ತಾನೆ, ಅದನ್ನ ತುಂಬಾ ಜನ ಗಮನಿಸೋದೇ ಇಲ್ಲ! ಟೈರೀಸಿಯಸ್ ಬಂದು ಎಚ್ಚರಿಸಿ ಹೋದ ಮೇಲೆ ಹೆದರಿ, ಏನು ಮಾಡ್ಲಿ ಅಂತ ಊರ ಹಿರಿಯರನ್ನ ಕೇಳ್ತಾನೆ. ಅವರು ಹೇಳೋದು, ಜೀವಂತ ಕೂಡಿಹಾಕಿರೋ ಗುಹೆಯಿಂದ ಹುಡುಗಿನ ಬಿಡಿಸು, ಆಮೇಲೆ ಹೆಣಕ್ಕೆ ಸಮಾಧಿ ಮಾಡು. ಅವನು ಹೋಗಿ ಮಾಡಿದ್ದು ಉಲ್ಟಾ, ಮೊದಲು ಹೆಣ ತೊಳೆದು ಸುಟ್ಟು ಸಮಾಧಿ ಮಾಡಿ, ಆಮೇಲೆ ಗುಹೆ ಕಡೆಗೆ. ಅಷ್ಟೊತ್ತಿಗೆ ಅವಳು ನೇಣು ಹಾಕ್ಕೊಂಡಾಗಿದೆ. ಯಾಕೆ ಹಾಗೆ ಮಾಡ್ದ, ದೇವರ ಭಯಾನಾ, ಬದುಕಿರೋಳಿಗಿಂತ ಸತ್ತವನ ಲೆಕ್ಕ ಚುಕ್ತಾ ಮಾಡೋದು ಸುಲಭ ಅನ್ನಿಸ್ತಾ? ಈ ಎರಡೂ ಗ್ರೀಕ್ ನಾಟಕ ಬರೆದ ಸೊಫೊಕ್ಲಿಸ್ ವಿವರಣೆ ಕೊಡಲ್ಲ. ಕ್ರಿಯಾನ್ ದೋಷ ಮೊಂಡುತನ ಅಂತ ಬರೆದು ಮುಗಿಸಿದೋರಿಗೆ ಈ ಪ್ರಶ್ನೆ ಹುಟ್ಟೋದೇ ಇಲ್ಲ, ಯಾಕಂದ್ರೆ ಮೊಂಡುತನ ಬಿಟ್ಟ ಮೇಲೇ ಎಲ್ಲಾ ಹಾಳಾಗಿರೋದು.

ಮ್ಯಾಕ್‌ಬೆತ್ ಇದಕ್ಕೆ ಪೂರ್ತಿ ವಿರುದ್ಧ. ಅವನಿಗೆ ಎಲ್ಲಾ ಗೊತ್ತು. ಮೊದಲ ಅಂಕದ ಏಳನೇ ದೃಶ್ಯ ತೆಗೀರಿ, ಡಂಕನ್‌ನ ಯಾಕೆ ಕೊಲ್ಲಬಾರದು ಅಂತ ಒಬ್ಬನೇ ನಿಂತು ಕಾರಣ ಎಣಿಸ್ತಾನೆ, ನಾನು ಇವನ ನೆಂಟ, ಇವನ ಪ್ರಜೆ, ಈಗ ನನ್ನ ಮನೇಗೆ ಅತಿಥಿಯಾಗಿ ಬಂದಿದಾನೆ, ಸಾಲದ್ದಕ್ಕೆ ಒಳ್ಳೇ ರಾಜ ಬೇರೆ. ನನ್ನನ್ನ ತಳ್ತಿರೋದು ಮಹತ್ವಾಕಾಂಕ್ಷೆ ಒಂದೇ ಅಂತ ಅವನ ಬಾಯಲ್ಲೇ ಬರತ್ತೆ. ಅಂದ್ರೆ ಪರೀಕ್ಷೆಲಿ ನೀವು ಐದು ಮಾರ್ಕಿಗೆ ಹುಡುಕಿ ಬರೆಯೋ ಉತ್ತರಾನ ಪಾತ್ರವೇ ಮೊದಲ ಅಂಕದಲ್ಲಿ ಹೇಳಿ ಮುಗಿಸಿದೆ, ಅದನ್ನ ಮತ್ತೆ ಬರೆದ್ರೆ ನಾವು ಏನು ಕಂಡುಹಿಡಿದ ಹಾಗಾಯ್ತು? ಹೆಂಡತಿ ಬರೋಷ್ಟರಲ್ಲಿ ಈ ಕೆಲಸ ಬೇಡ ಅಂತ ತೀರ್ಮಾನಾನೂ ಮಾಡಿರ್ತಾನೆ. ಅದೇ ದೃಶ್ಯ ಮುಗಿಯೋದ್ರೊಳಗೆ ಮತ್ತೆ ಒಪ್ಕೊಂಡಿರ್ತಾನೆ. ತಪ್ಪು ಅಂತ ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ಒಬ್ಬ ಹೇಗೆ ಮಾಡ್ತಾನೆ ಅನ್ನೋದು ಅಲ್ಲಿನ ಪ್ರಶ್ನೆ, ಹದಿನೈದು ಹದಿನಾರು ವಯಸ್ಸಿನವರಿಗೆ ಅದು ನಮಗಿಂತ ಚೆನ್ನಾಗಿ ಅರ್ಥ ಆಗತ್ತೆ, ಜೊತೇಲಿರೋರು "ಅಷ್ಟೂ ಧೈರ್ಯ ಇಲ್ವಾ" ಅಂದಾಗ ಏನಾಗತ್ತೆ ಅಂತ ಅವರು ನೋಡಿರ್ತಾರೆ. ಲೇಡಿ ಮ್ಯಾಕ್‌ಬೆತ್ ಹೊಡೆಯೋದೂ ಅದೇ ಜಾಗಕ್ಕೆ.

ರೋಮಿಯೋ ಜೂಲಿಯೆಟ್ ಬಗ್ಗೆ ಮಕ್ಕಳ ದೂರು ಬೇರೆ, ಸರ್ ಇದು ಬರೀ ಕಾಕತಾಳೀಯ, ಒಂದು ಪತ್ರ ತಲುಪಿದ್ದಿದ್ರೆ ಯಾರೂ ಸಾಯ್ತಿರಲಿಲ್ಲ ಅಂತ. ನಿಜ, ಜೂಲಿಯೆಟ್ ನಿಜವಾಗಿ ಸತ್ತಿಲ್ಲ ಅಂತ ರೋಮಿಯೋಗೆ ತಿಳಿಸೋ ಪತ್ರ ತಗೊಂಡು ಹೊರಟ ಸನ್ಯಾಸಿನ ಪ್ಲೇಗ್ ಅನುಮಾನದ ಮೇಲೆ ಒಂದು ಮನೇಲಿ ಕೂಡಿಹಾಕ್ತಾರೆ, ಪತ್ರ ಹೋಗಲ್ಲ. ಕ್ವಾರಂಟೈನ್ ಅಂದ್ರೇನು ಅಂತ ಈಗಿನ ಮಕ್ಕಳಿಗೆ ವಿವರಿಸೋ ಅಗತ್ಯ ಇಲ್ಲ ಬಿಡಿ. ಆದ್ರೆ ಆ ಪತ್ರದ ಮೇಲೇ ಎಲ್ಲಾ ಭಾರ ಬೀಳೋ ಹಾಗೆ ಮಾಡಿದ್ದು ಅವಸರ. ಶೇಕ್ಸ್‌ಪಿಯರ್ ಕಥೆ ತಗೊಂಡಿದ್ದು 1562ರಲ್ಲಿ ಆರ್ಥರ್ ಬ್ರೂಕ್ ಬರೆದ ಕಾವ್ಯದಿಂದ, ಅದರಲ್ಲಿ ಇದೆಲ್ಲಾ ತಿಂಗಳುಗಟ್ಟಲೆ ನಡೆಯತ್ತೆ, ಇವನು ಅದನ್ನ ಭಾನುವಾರದಿಂದ ಗುರುವಾರಕ್ಕೆ ಅದುಮಿಬಿಟ್ಟ. ಅವಸರ ಬರೀ ಆ ಹುಡುಗ ಹುಡುಗಿದು ಅಂತ ಎಲ್ಲರೂ ಬರೀತಾರೆ. ದೊಡ್ಡೋರದ್ದು ನೋಡಿ: ಅಪ್ಪ ಪ್ಯಾರಿಸ್ ಅನ್ನೋ ವರನ ಜೊತೆ ಜೂಲಿಯೆಟ್‌ಗೆ ಗುರುವಾರ ಅಂತಿದ್ದ ಮದುವೆನ ಬುಧವಾರಕ್ಕೆ ಎಳೀತಾನೆ, ಅಮ್ಮ ನನ್ನ ಹತ್ರ ಮಾತಾಡ್ಬೇಡ ಅಂತ ಹೋಗ್ತಾಳೆ, ಸಾಕಿದ ದಾದಿ ಗಂಡನ್ನ ಮರೆತು ಪ್ಯಾರಿಸ್‌ನ ಕಟ್ಕೋ ಅಂತಾಳೆ, ಇನ್ನೊಬ್ಬ ಸನ್ಯಾಸಿ ಸತ್ತ ಹಾಗೆ ಕಾಣಿಸೋ ಔಷಧಿ ಕೊಟ್ಟು ಕಳಿಸ್ತಾನೆ. ಹದಿನಾಲ್ಕೂ ತುಂಬದ ಹುಡುಗಿಗೆ ಒಬ್ಬರ ಹತ್ರಾನೂ ಇರೋದನ್ನ ಇದ್ದ ಹಾಗೆ ಹೇಳೋ ಅವಕಾಶ ಉಳಿಯಲ್ಲ. ಇದನ್ನ "ಯುವಜನರ ದುಡುಕು" ಅಂತ ಪಾಠ ಮಾಡಿದ್ರೆ ನಂಗೆ ಮೈ ಉರಿಯತ್ತೆ.

ಯಾಕೆ ಓದಿಸ್ತಾರೆ ಅನ್ನೋದಕ್ಕೆ ನೀತಿಪಾಠಕ್ಕೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ನೀತಿ ಬೇಕು ಅನ್ನೋರು ಈ ನಾಟಕಗಳನ್ನ ತಿದ್ದಿದ ಚರಿತ್ರೆನೇ ಇದೆ. 1681ರಲ್ಲಿ ನೇಹಮ್ ಟೇಟ್ ಅನ್ನೋನು ಕಿಂಗ್ ಲಿಯರ್ ಕೊನೆ ಬದಲಾಯಿಸಿ, ಲಿಯರ್‌ನ ಮಗಳು ಕಾರ್ಡೀಲಿಯನ ಬದುಕಿಸಿ, ಮದುವೆ ಬೇರೆ ಮಾಡಿಸ್ದ, ಸುಮಾರು ನೂರೈವತ್ತು ವರ್ಷ ಇಂಗ್ಲೆಂಡಿನ ರಂಗಭೂಮಿಲಿ ಜನ ನೋಡಿದ್ದು ಅದನ್ನೇ. ಒಳ್ಳೇ ಹುಡುಗಿ ಸುಮ್ಸುಮ್ನೆ ಸಾಯೋದನ್ನ ಅವರ ಕೈಲಿ ತಡ್ಕೊಳ್ಳೋಕಾಗಲಿಲ್ಲ. ಒಳ್ಳೇದು ಮಾಡಿದೋರಿಗೆ ಒಳ್ಳೇದೇ ಆಗತ್ತೆ ಅನ್ನೋ ಲೆಕ್ಕ ಎಲ್ಲಾ ಸಲ ಕೂಡಿಬರಲ್ಲ ಅಂತ ಮಕ್ಕಳಿಗೆ ಹೈಸ್ಕೂಲ್ ಹೊತ್ತಿಗೆ ಗೊತ್ತಾಗೋಕೆ ಶುರುವಾಗಿರತ್ತೆ, ಅದನ್ನ ಮುಚ್ಚಿಡದೆ ಮಾತಾಡೋ ಪಠ್ಯ ಇಡೀ ಪುಸ್ತಕದಲ್ಲಿ ಇದೊಂದೇ ಇರತ್ತೆ. ಹಾಗಂತ ಎಲ್ಲಾ ಯುನಿಟ್ಟೂ ಸಾವೇ ಆಗ್ಬೇಕಾ ಅನ್ನೋ ನಿಮ್ಮ ಸಿಟ್ಟು ನ್ಯಾಯಾನೇ, ಮಧ್ಯೆ ಒಂದು ಕಾಮಿಡಿ ಹಾಕಿದ್ರೆ ಯಾರ ಗಂಟೂ ಹೋಗಲ್ಲ. ಈ ನಾಟಕಗಳಲ್ಲಿ ಆತ್ಮಹತ್ಯೆ ತುಂಬಾ ಬರತ್ತೆ, ಯಾವುದಾದ್ರೂ ದೃಶ್ಯ ನಿಮಗೆ ಭಾರ ಅನ್ನಿಸಿದ್ರೆ ಟೀಚರ್‌ಗೆ ನೇರವಾಗಿ ಹೇಳಿ, ಅದರಲ್ಲಿ ಸಂಕೋಚ ಬೇಡ.

ಓದೋ ವಿಧಾನದ ಬಗ್ಗೆ ಇನ್ನೆರಡು ಮಾತು. ಜೋರಾಗಿ ಓದಿ, ಅದರಲ್ಲೂ ಗ್ರೀಕ್ ನಾಟಕಗಳ ದೂತರ ಮಾತುಗಳನ್ನ. ಅಲ್ಲಿ ಸಾವು ಸಾಮಾನ್ಯವಾಗಿ ವೇದಿಕೆ ಮೇಲೆ ಆಗಲ್ಲ, ಒಬ್ಬ ಬಂದು ಒಳಗೆ ಏನಾಯ್ತು ಅಂತ ಹೇಳ್ತಾನೆ, ಮಕ್ಕಳು ಅದನ್ನ ಹಾರಿಸ್ತಾರೆ, ನಾಟಕದ ಅತಿ ಭೀಕರ ಭಾಗ ಅಲ್ಲೇ ಇರತ್ತೆ. ಮೇಳದ (ಕೋರಸ್) ಹಾಡುಗಳನ್ನ ಮೊದಲ ಓದಿಗೆ ಅರ್ಥ ಆಗದಿದ್ರೆ ಬಿಟ್ಟು ಮುಂದೆ ಹೋಗಿ, ಎರಡನೇ ಸಲಕ್ಕೆ ನೋಡಿದ್ರಾಯ್ತು. ಇಂಗ್ಲಿಷ್ ಭಾರ ಆದ್ರೆ ಈಡಿಪಸ್, ಅಂತಿಗೊನೆ ಎರಡನ್ನೂ ಲಂಕೇಶ್ ಕನ್ನಡಕ್ಕೆ ತಂದಿದಾರೆ, ಅದನ್ನ ಪಕ್ಕದಲ್ಲಿಟ್ಕೊಳ್ಳಿ. ಬಿಎಂಶ್ರೀ ಅವರ ಅಶ್ವತ್ಥಾಮನ್ ಕೂಡ ಸೊಫೊಕ್ಲಿಸ್‌ನ ಅಜಾಕ್ಸ್ ನಾಟಕದ ಅಚ್ಚಿನಲ್ಲೇ ಕಟ್ಟಿದ್ದು, ಭಾಷೆ ಹಳೇದು, ಆದ್ರೆ ಗೊತ್ತಿರೋ ಪಾತ್ರ ಗ್ರೀಕ್ ಚೌಕಟ್ಟಲ್ಲಿ ಹೇಗೆ ನಿಲ್ಲತ್ತೆ ಅಂತ ನೋಡೋಕೆ ಅದಕ್ಕಿಂತ ಒಳ್ಳೇದು ಸಿಗಲ್ಲ.

ಪರೀಕ್ಷೆ? ದೋಷದ ಪ್ರಶ್ನೆ ಬಂದೇ ಬರತ್ತೆ, ಜಗಳ ಆಡೋಕೆ ಹೋಗ್ಬೇಡಿ. ಕೇಳಿದ ಪದ ಮೊದಲ ಸಾಲಲ್ಲಿ ಬರೆದುಬಿಡಿ, ಎರಡನೇ ಸಾಲಿಂದ ಒಂದೇ ಒಂದು ದೃಶ್ಯ ಹಿಡ್ಕೊಂಡು ಆಗ ಅವನಿಗೆ ಏನು ಗೊತ್ತಿತ್ತು, ಬೇರೆ ಏನು ಮಾಡಬಹುದಿತ್ತು, ಯಾಕೆ ಮಾಡಲಿಲ್ಲ ಅಂತ ಬರೀರಿ. ಮೌಲ್ಯಮಾಪನ ಮಾಡೋ ನಮಗೆ ಒಂದೇ ಥರದ ಪೇಪರ್‌ಗಳ ಮಧ್ಯೆ ಅಂಥದ್ದೊಂದು ಸಿಕ್ಕಿದ್ರೆ ಮಾರ್ಕು ತಾನಾಗೇ ಬೀಳತ್ತೆ. ರಜೆಲಿ ಮತ್ತೆ ಓದ್ತೀನಿ ಅಂದ್ರೆ ಈಡಿಪಸ್‌ನಿಂದ ಶುರು ಮಾಡಿ, ಸುಮಾರು 1500 ಸಾಲು, ಒಂದು ಮಧ್ಯಾಹ್ನಕ್ಕೆ ಮುಗಿಯತ್ತೆ. ಹ್ಯಾಮ್ಲೆಟ್ ಕೊನೆಗಿಟ್ಕೊಳ್ಳಿ, ಅದು ಇದರ ಎರಡೂವರೆ ಪಟ್ಟು ಇದೆ.