60 ಫಾರಂ, 19 ಮಂದಿಗೆ ‘ಮರೆವು’: ಒಂದು ಆಪ್ತಸಲಹೆ ಪ್ರಕರಣ

(ಅನುಮತಿ ಪಡೆದು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಲಾಗಿದೆ.)

‘ಸುಮಾ’ಗೆ 27 ವರ್ಷ. ಓದಿದ್ದು ಬಯೋಟೆಕ್ನಾಲಜಿ, ಈಗ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಕುರಿತ ಪಿಎಚ್‌.ಡಿ.ಯ ಎರಡನೇ ವರ್ಷ. ಹಳ್ಳಿಯ ಹಿರಿಯರಿಗೆ ನೆನಪಿನ ಪರೀಕ್ಷೆ ಮಾಡಿ ಫಾರಂನಲ್ಲಿ ಅಂಕ ಹಾಕುವುದು ಅವರ ಕೆಲಸ. ಬಂದವರು ಹೇಳಿದ್ದು ಒಂದೇ ಮಾತು: “ನನಗೆ ಈ ಕೆಲಸ ಬರಲ್ಲ, ಬಿಟ್ಬಿಡ್ತೀನಿ.” ರಾತ್ರಿ ಮೂರರವರೆಗೆ ನಿದ್ದೆಯಿಲ್ಲ, ಗೈಡ್ ಕಳಿಸಿದ ಮೇಲ್ ತೆರೆಯಲು ಭಯ. ಫೆಲೋಶಿಪ್ಪನ್ನು ಕಿರಿಯ (ಜೆಆರ್‌ಎಫ್) ಹಂತದಿಂದ ಹಿರಿಯ (ಎಸ್‌ಆರ್‌ಎಫ್) ಹಂತಕ್ಕೆ ಏರಿಸುವ ಪರಿಶೀಲನೆಗೆ ಉಳಿದಿದ್ದು ನಾಲ್ಕು ತಿಂಗಳು. ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ 11 ಅಂಕ ಬಂತು, ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣ. ಸಾವಿನ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಆದರೂ ಬಾಯಿಬಿಟ್ಟು ಇನ್ನೊಮ್ಮೆ ಕೇಳಿದೆವು, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಬರೆದುಕೊಟ್ಟೆವು.

ಸಮಾಧಾನ ಹೇಳುವ ಆತುರ ಬೇಡವೆನಿಸಿತು. “ಕೊನೆಯ ಸಲ ಹಳ್ಳಿಗೆ ಹೋದಾಗ ಪರೀಕ್ಷೆ ಹೇಗೆ ಮಾಡಿದಿರಿ, ಬಾಗಿಲು ತಟ್ಟಿದಲ್ಲಿಂದ ಹೇಳಿ” ಎಂದೆವು. ಗಂಟು ಅಲ್ಲೇ ಸಿಕ್ಕಿತು. 60 ಹಿರಿಯರಲ್ಲಿ 19 ಮಂದಿಯ, ಅಂದರೆ ಸುಮಾರು ಶೇ. 32ರಷ್ಟು ಜನರ ಅಂಕ ಡಿಮೆನ್ಷಿಯಾ ಗಡಿಗಿಂತ ಕೆಳಗಿತ್ತು. 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಎಂಬ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇ. 7.4. ಗೈಡ್ “ಡೇಟಾ ಸರಿಯಿಲ್ಲ” ಎಂದು ಒಂದು ಸಾಲು ಬರೆದು ಸುಮ್ಮನಾಗಿದ್ದರು. ಸುಮಾಗೆ ಸಿಕ್ಕಿದ್ದ ತರಬೇತಿ ಒಂದು ಪಿಡಿಎಫ್, ಒಂದು ಸ್ಟಾಪ್‌ವಾಚ್. ಇನ್ನೊಬ್ಬರು ಪರೀಕ್ಷೆ ಮಾಡುವುದನ್ನು ಒಮ್ಮೆಯೂ ಕಂಡವರಲ್ಲ.

ಎರಡನೇ ಭೇಟಿಗೆ ನರಮನಶ್ಶಾಸ್ತ್ರಜ್ಞರೊಬ್ಬರು (ನೆನಪು, ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಪರಿಣತರು) ಜೊತೆಗೂಡಿದರು. ಶಾಲೆಯ ಮೆಟ್ಟಿಲು ಹತ್ತದವರಿಗೆ “100ರಿಂದ 7 ಕಳೆಯುತ್ತ ಹೋಗಿ”, “ಒಂದು ವಾಕ್ಯ ಬರೆಯಿರಿ” ಎಂದು ಕೇಳಲಾಗಿತ್ತು. ಹರಿಯಾಣದ ಬಲ್ಲಭಗಢದಲ್ಲಿ ಓದುಬರಹ ಬಾರದವರಿಗಾಗಿ ರೂಪಿಸಿದ ಎಚ್‌ಎಂಎಸ್‌ಇ ಎಂಬ ಹಿಂದಿ ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗಳ ಬದಲಿಗೆ ವಾರದ ದಿನಗಳನ್ನು ಹಿಂದಿನಿಂದ ಹೇಳಿಸುವುದು, ಮನೆಯ ಬಗ್ಗೆ ಒಂದು ಮಾತು ಆಡಿಸುವುದು ಇದೆ. ಸುಮಾ ಪರೀಕ್ಷೆ ಮಾಡಿದ ಊರು ಆಂಧ್ರದ ಗಡಿಯಲ್ಲಿ, ಅರ್ಧಕ್ಕರ್ಧ ಮನೆಮಾತು ತೆಲುಗು. ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಿ ಎಂದಾಗ ಅಜ್ಜಿ “ಕುಕ್ಕ, ಪಿಲ್ಲಿ” (ನಾಯಿ, ಬೆಕ್ಕು) ಎಂದರೆ ಫಾರಂನಲ್ಲಿ ಕಾಟು. ತಾರೀಕನ್ನು ಅಮಾವಾಸ್ಯೆಯಿಂದ ಲೆಕ್ಕ ಹಿಡಿಯುವವರಿಗೂ ಅದೇ ಗತಿ. ಕಿವಿ ಮಂದವಾಗಿದೆಯೇ, ಕನ್ನಡಕ ಹಾಕಿದ್ದಾರೆಯೇ ಎಂಬ ಕಾಲಂ ಖಾಲಿ. ಪಕ್ಕದಲ್ಲಿ ಕೂತ ಸೊಸೆ ಉತ್ತರ ಹೇಳಿಕೊಟ್ಟಲ್ಲಿ ಅಂಕ ಏರಿದೆ. ಅದು ಇನ್ನೂ ಕೆಟ್ಟದ್ದು, ಏಕೆಂದರೆ ಕಣ್ಣಿಗೆ ಬೀಳುವುದಿಲ್ಲ. ದಿನನಿತ್ಯದ ಕೆಲಸದಲ್ಲಿ ಇಳಿಕೆಯಾಗಿದೆಯೇ ಎಂದು ಮನೆಯವರನ್ನು ಬೇರೆಯಾಗಿ ಕೇಳದೆ ಅಂಕವೊಂದರಿಂದಲೇ ಡಿಮೆನ್ಷಿಯಾ ಎನ್ನಲಾಗದು.

ಕೊಟ್ಟ ಸಲಹೆ ಹೀಗಿತ್ತು. ಅನುಭವಿಯೊಬ್ಬರು ಮಾಡುವ ಐದು ಪರೀಕ್ಷೆಗಳನ್ನು ಪಕ್ಕದಲ್ಲಿ ಕೂತು ನೋಡುವುದು. ಮುಂದಿನ ಹತ್ತನ್ನು ಸುಮಾ ಮಾಡುವುದು, ಇಬ್ಬರೂ ಬೇರೆ ಬೇರೆ ಅಂಕ ಹಾಕುವುದು, ಎರಡಕ್ಕಿಂತ ಹೆಚ್ಚು ಅಂಕದ ವ್ಯತ್ಯಾಸ ಬಂದಲ್ಲಿ ಅದೇ ಸಂಜೆ ಪ್ರಶ್ನೆ ಪ್ರಶ್ನೆಯಾಗಿ ಕೂತು ನೋಡುವುದು. ಹಳೆಯ 60 ಮಂದಿಗೆ ತಕ್ಷಣ ಅದೇ ಪರೀಕ್ಷೆ ಮತ್ತೆ ಮಾಡಬಾರದು. ಉತ್ತರ ನೆನಪಿದ್ದು ಅಂಕ ಸುಮ್ಮನೆ ಮೇಲೇರುತ್ತದೆ. ಫಾರಂ ತಿದ್ದುವುದಂತೂ ಕೂಡದು. ಅವು ಪ್ರಾಯೋಗಿಕ ಹಂತದವು ಎಂದು ಪ್ರಬಂಧದಲ್ಲೇ ಬರೆಯಬೇಕು. ಮನೆಯವರು “ಅರಳು ಮರಳಾ ಮೇಡಂ?” ಎಂದು ಕೇಳಿದರೆ ಅಂಕ ಹೇಳಬಾರದು, ಇದು ರೋಗನಿರ್ಣಯವಲ್ಲ ಎಂದು ತಿಳಿಸಿ, ವೈದ್ಯರಿಗೆ ಚೀಟಿ ಬರೆಸಿಕೊಡಬೇಕು.

ಗೈಡ್ ಜೊತೆಗಿನ ಮಾತಿಗೆ ದೂರಿನ ಪಟ್ಟಿ ಬೇಡ, ಒಂದು ಪುಟ ಸಾಕು ಎಂದೆವು: ಆದದ್ದು, ನಿಂತದ್ದು, “ಸರ್, ನಿಮ್ಮಿಂದ ಈ ಎರಡು ತೀರ್ಮಾನ ಬೇಕು”. ಕೇಳಿದ್ದು ವಾರಕ್ಕೆ ಅರ್ಧ ಗಂಟೆ, ಸಿಕ್ಕಿದ್ದು ಹದಿನೈದು ದಿನಕ್ಕೆ 40 ನಿಮಿಷ. ಸೆಮಿಸ್ಟರ್‌ಗೊಮ್ಮೆಯ ಸಂಶೋಧನಾ ಸಲಹಾ ಸಮಿತಿಯನ್ನು ವಿದ್ಯಾರ್ಥಿಗಳು ವಿಚಾರಣೆ ಎಂದೇ ಭಾವಿಸುತ್ತಾರೆ. ತರಬೇತಿಯ ಕೊರತೆ ದಾಖಲಾಗಬೇಕಾದ ಜಾಗವೂ ಅದೇ. (ಪೇಪರ್ ಪ್ರಕಟವಾಗದೆ ಪ್ರಬಂಧ ಸಲ್ಲಿಸುವಂತಿಲ್ಲ ಎಂಬ ನಿಯಮವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ವಿಶ್ವವಿದ್ಯಾಲಯದ ನಿಯಮ ಬೇರೆಯಿರಬಹುದು, ನೋಡಿಕೊಳ್ಳಿ ಎಂದೆವು.)

ಮೂರನೇ ಭೇಟಿಯಲ್ಲಿ ಬೇರೊಂದು ಹೊರಬಂತು. ವರ್ಷದ ಮರುಭೇಟಿಗೆ ಫೋನ್ ಮಾಡುವ ಕೆಲಸ ಸುಮಾ ಅವರದೇ. ಆ ತಿಂಗಳು ನಾಲ್ಕು ಮನೆಗಳಲ್ಲಿ “ಅವರು ಹೋಗ್ಬಿಟ್ರು ಮಗಾ” ಎಂಬ ಉತ್ತರ. ಎಕ್ಸೆಲ್ ಹಾಳೆಯಲ್ಲಿ ‘ಡ್ರಾಪ್‌ಔಟ್’ ಎಂದು ತುಂಬಿ ಮುಂದಿನ ನಂಬರ್ ಒತ್ತಬೇಕಿತ್ತು. ಕರೆಗಳನ್ನು ಮೂವರು ಹಂಚಿಕೊಳ್ಳುವುದು, ದಿನಕ್ಕೆ ಎಂಟಕ್ಕಿಂತ ಹೆಚ್ಚು ಬೇಡ, ಸಾವಿನ ಸುದ್ದಿ ಬಂದ ಕರೆಯ ನಂತರ ಹತ್ತು ನಿಮಿಷ ಬಿಡುವು ಎಂದು ಗೊತ್ತುಮಾಡಲಾಯಿತು.

ಆರು ವಾರದ ನಂತರ ಪಿಎಚ್‌ಕ್ಯೂ-9 ಅಂಕ 6. ಜೋಡಿಯಾಗಿ ಮಾಡಿದ ಹತ್ತು ಪರೀಕ್ಷೆಗಳಲ್ಲಿ ಎಂಟರಲ್ಲಿ ಇಬ್ಬರ ಅಂಕಗಳೂ ಹೊಂದಿಕೆಯಾದವು. ಮೇಲ್ ತೆರೆಯಲು ಈಗಲೂ ಹಿಂಜರಿಕೆಯಿದೆ. ಬೆಳಗ್ಗೆ ಹತ್ತಕ್ಕೆ, ಲ್ಯಾಬಿನ ಸಹಪಾಠಿ ಪಕ್ಕದಲ್ಲಿದ್ದಾಗ ಒಮ್ಮೆ ಮಾತ್ರ ನೋಡುತ್ತಾರೆ.