61ನೇ ದಿನ ಯಾರ ಮಾತಿಗೂ ಕಾಯಬೇಡಿ

ಅಕ್ಕಾವರೇ, ಗಂಡ ಜೈಲಿಗೆ ಹೋಗಿ 48 ದಿನ ಆಯ್ತು, ಸುಮ್ಮನಿದ್ದರೆ ಚಾರ್ಜ್‌ಶೀಟಿನಲ್ಲಿ ಹೆಸರು ಬಿಡ್ತೀವಿ ಅಂತ ಠಾಣೆಯವರು ಹೇಳ್ತಿದ್ದಾರೆ, ಮೈದುನ ಎಂಎಲ್ಎ ಕಡೆಯಿಂದ ಹೇಳಿಸೋಣ ಅಂತಾನೆ, ಎರಡರಲ್ಲಿ ಯಾವುದು ಒಳ್ಳೇದು ಅಂತ ಕೇಳಿದ್ದೀರಿ. ಎರಡೂ ಅಲ್ಲ. ಮೊದಲನೇ ಮಾತನ್ನು ನನಗೂ ಹೇಳಿದ್ದರು, ನಾನು ನಂಬಿದೆ. ನನ್ನ ತಮ್ಮ ಅದಕ್ಕೆ ಏಳು ತಿಂಗಳು ತೆತ್ತ.

2018ರ ಮಾತು. ನಮ್ಮದು ರಾಯಚೂರು ಜಿಲ್ಲೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗ. ಮೇಲಿನವರು ಭತ್ತ ಹಚ್ಚಿ ನೀರು ಹಿಡಿದುಕೊಂಡರೆ ನಮಗೆ ಉಳಿಯೋದು ಕಾಲುವೆ ತಳದ ಹಸಿ ಅಷ್ಟೇ. ಕಾಲುವೆಯ 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಅಂತ ದಿನಾ ಫೋನ್ ಮಾಡಿ ಕೇಳುವ ಜನ ನಾವು. ಆ ವರ್ಷ ತೆನೆ ಕಟ್ಟುವ ಹೊತ್ತಿಗೇ ನೀರು ನಿಂತಿತು, ರಸ್ತೆ ತಡೆ ಮಾಡಿದೆವು. ಬೆಳಿಗ್ಗೆ ತಮ್ಮ ಮೈಕ್ ಹಿಡಿದು ಮಾತಾಡಿದ. ಸಂಜೆ ಯಾರೋ ಕಲ್ಲು ತೂರಿದರು, ಸರ್ಕಾರಿ ಜೀಪಿಗೆ ಬೆಂಕಿ ಬಿತ್ತು. ಆ ಹೊತ್ತಿಗೆ ಅವನು ಮನೆಯಲ್ಲಿ ಎಮ್ಮೆ ಹಿಂಡುತ್ತಿದ್ದ. ಆದರೆ ಬೆಳಗಿನ ವಿಡಿಯೊದಲ್ಲಿ ಅವನ ಮುಖ ಇತ್ತಲ್ಲ, ರಾತ್ರಿ ಎರಡಕ್ಕೆ ಬಂದು ಎಬ್ಬಿಸಿಕೊಂಡು ಹೋದರು. ಅವನ ಹೆಂಡತಿ ಆಗ ಐದು ತಿಂಗಳ ಬಸುರಿ.

ಕೆಳಗಿನ ಕೋರ್ಟು ಜಾಮೀನು ಕೊಡಲಿಲ್ಲ, ಜಿಲ್ಲಾ ಕೋರ್ಟೂ ಕೊಡಲಿಲ್ಲ. ತನಿಖೆ ನಡೆಯುತ್ತಿದೆ ಎಂಬ ಒಂದೇ ಕಾರಣ. ಆಗ ನಮ್ಮ ವಕೀಲರು ಹೇಳಿದರು: "60 ದಿನ ಆಗಲಿ. 61ನೇ ದಿನದ ತನಕ ಚಾರ್ಜ್‌ಶೀಟ್ ಬರಲಿಲ್ಲ ಅಂದ್ರ, ಅವತ್ತೇ ಅರ್ಜಿ ಹಾಕೋಣ. ಜಡ್ಜ್ ಬಿಡಲೇಬೇಕು." ನಾನು ಮಗಳ ಕೆಂಪು ಸ್ಕೆಚ್ ಪೆನ್ ತಗೊಂಡು ಗೋಡೆ ಕ್ಯಾಲೆಂಡರಿನಲ್ಲಿ ಒಂದೊಂದೇ ದಿನಕ್ಕೆ ಅಂಕಿ ಬರೆಯುತ್ತಾ ಹೋದೆ. ಗುರುವಾರದ ಮನೆಯಲ್ಲಿ 60 ಬಿತ್ತು. ಅರ್ಜಿ ಟೈಪ್ ಆಗಿತ್ತು, ಬರೀ ಒಂದೂವರೆ ಪುಟ. ಜೈಲಿನಿಂದ ತಮ್ಮನ ಸಹಿಯಾದ ವಕಾಲತ್ತೂ ಬಂದಿತ್ತು. ಶುಕ್ರವಾರ ಬೆಳಿಗ್ಗೆ ಕೋರ್ಟಿಗೆ ಕೊಡುವುದೊಂದೇ ಬಾಕಿ.

ಗುರುವಾರ ಸಂಜೆ ಚಹಾದಂಗಡಿಯಲ್ಲಿ ಠಾಣೆಯ ಕಡೆಯವನೊಬ್ಬ ಸಿಕ್ಕ. ನಮಗೆ ಪರಿಚಯದವನೇ. ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಕೂತು ಮೆಲ್ಲಗೆ ಹೇಳಿದ: "ಅಣ್ಣಾರ, ಸಾಹೇಬ್ರು ನಿಮ್ಮ ತಮ್ಮನ ಹೆಸರು ಬಿಡಬೇಕಂತ ಮಾಡ್ಯಾರ. ಈಗ ನೀವು ಕೋರ್ಟಿಗೆ ಹೋಗಿ ಪೊಲೀಸರು ತಡ ಮಾಡ್ಯಾರ ಅಂದ್ರ ಅವ್ರಿಗೆ ಸಿಟ್ಟು ಬರ್ತದ. ಸೋಮವಾರದ ಮಟ ಸುಮ್ಮಿರ್ರಿ."

ನಾನು ಚಹಾದ ದುಡ್ಡು ನಾನೇ ಕೊಟ್ಟು, ಅಲ್ಲಿಂದಲೇ ವಕೀಲರಿಗೆ ಫೋನ್ ಮಾಡಿದೆ. ಸೋಮವಾರ ಹಾಕೋಣ ಸರ್ ಅಂದೆ. "ಹಂಗ ಮಾಡಬ್ಯಾಡ್ರಿ" ಅಂತ ಅವರು ಮೂರು ಸಲ ಹೇಳಿದರು. ನಾನು ಹಟ ಹಿಡಿದೆ. 61ನೇ ದಿನಕ್ಕೆ ಸಿಗುವ ಹಕ್ಕು 64ನೇ ದಿನಕ್ಕೆ ಎಲ್ಲಿಗೆ ಹೋಗುತ್ತದೆ ಅಂದುಕೊಂಡೆ. ಸಾಹೇಬರನ್ನು ಎದುರು ಹಾಕಿಕೊಂಡರೆ ಇನ್ನೊಂದು ಕೇಸಿನಲ್ಲಿ ಸೇರಿಸಿಬಿಟ್ಟಾರು ಎಂಬ ಹೆದರಿಕೆಯೂ ಇತ್ತು.

ಶನಿವಾರ ಮಧ್ಯಾಹ್ನ ಚಾರ್ಜ್‌ಶೀಟ್ ಕೋರ್ಟಿಗೆ ಬಂತು. ತಮ್ಮ ಅದರಲ್ಲಿ ಎರಡನೇ ಆರೋಪಿ. ಸೋಮವಾರ ನಮ್ಮ ಅರ್ಜಿ ಎರಡು ನಿಮಿಷದಲ್ಲಿ ಮುಗಿಯಿತು.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದರೆ ಆಗ ನನಗೆ ಅರ್ಥವಾಗಲಿಲ್ಲ. ಪೊಲೀಸರು 60 ದಿನದಲ್ಲಿ, ದೊಡ್ಡ ಅಪರಾಧವಾದರೆ 90 ದಿನದಲ್ಲಿ, ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕಬೇಕು. ಹಾಕದಿದ್ದರೆ, ಜಾಮೀನು ಕೊಡಲು ಸಿದ್ಧನಿರುವ ಆರೋಪಿಯನ್ನು ಜಡ್ಜ್ ಬಿಡಲೇಬೇಕು. ಕೇಸು ಗಟ್ಟಿಯೋ ಪೊಳ್ಳೋ ಅಂತ ನೋಡುವ ಹಾಗಿಲ್ಲ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 167(2)ರಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187(3)ರಲ್ಲಿದೆ. ಆದರೆ ಈ ಹಕ್ಕು ತಾನಾಗಿ ಬಂದು ಜೈಲಿನ ಬಾಗಿಲು ತೆಗೆಯುವುದಿಲ್ಲ. ಬಾಯಿಬಿಟ್ಟು ಕೇಳಬೇಕು, ಅದೂ ಚಾರ್ಜ್‌ಶೀಟ್ ಬರುವುದಕ್ಕಿಂತ ಮೊದಲು ಕೇಳಬೇಕು. ಸುಮ್ಮನಿದ್ದು ಅಷ್ಟರಲ್ಲಿ ಚಾರ್ಜ್‌ಶೀಟ್ ಬಂತು ಅಂದರೆ ಹಕ್ಕು ಸತ್ತ ಹಾಗೆ. ಸಂಜಯ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1994ರಲ್ಲೇ ಇದನ್ನು ಹೇಳಿದೆ. ನೀವು ಬೆಳಿಗ್ಗೆ ಅರ್ಜಿ ಹಾಕಿ, ಅವರು ಮಧ್ಯಾಹ್ನ ಚಾರ್ಜ್‌ಶೀಟ್ ತಂದರೆ ಗೆದ್ದವರು ನೀವು. ನಾವು ಶುಕ್ರವಾರ ಹಾಕಿದ್ದರೆ ಶನಿವಾರದ ಚಾರ್ಜ್‌ಶೀಟಿನಿಂದ ನಮಗೆ ಏನೂ ಆಗುತ್ತಿರಲಿಲ್ಲ. ಆ ಒಂದು ದಿನವನ್ನು ನಾನು ಯಾವನದೋ ಸಿಟ್ಟಿಗೆ ಹೆದರಿ ಬಿಟ್ಟುಕೊಟ್ಟೆ. ತಡ ಮಾಡಿದವರು ಅವರು. ಅದನ್ನು ಕೋರ್ಟಿಗೆ ಹೇಳಲು ನಾನು ಅಂಜಿದೆ.

ಆಮೇಲೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಜಾಮೀನು ಸಿಗುವವರೆಗೆ ಏಳು ತಿಂಗಳು. ಕೂಸು ಹುಟ್ಟಿತು, ಅಪ್ಪ ಬರಲಿ ಅಂತ ಹೆಸರಿಡದೆ ಕಾದೆವು. ಎರಡು ತಿಂಗಳ ಕೂಸನ್ನು ಮುಲಾಖತ್ತಿಗೆ ಎತ್ತಿಕೊಂಡು ಹೋದಾಗ ನಡುವೆ ಜಾಲರಿ. ತಮ್ಮ ಕಿರುಬೆರಳು ತೂರಿಸಲು ನೋಡಿದ, ಉಗುರಿನಷ್ಟೇ ಈಚೆಗೆ ಬಂತು. ಅವನ ಹೆಂಡತಿ ಕೂಸಿನ ಕೈಯನ್ನು ಆ ಉಗುರಿಗೆ ಮುಟ್ಟಿಸಿದಳು. ನಾನು ನೋಡಲಾಗದೆ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆ. 2023ರಲ್ಲಿ ಕೇಸು ಖುಲಾಸೆಯಾಯಿತು. ಜೀಪಿನ ಹತ್ತಿರ ಅವನನ್ನು ಕಂಡೆ ಅಂತ ಹೇಳುವ ಸಾಕ್ಷಿ ಒಬ್ಬರೂ ಇರಲಿಲ್ಲ.

ಈಗ ನಿಮ್ಮ ವಿಷಯ. ಎಂಎಲ್ಎ ಕಡೆ ಓಡಾಡುವುದನ್ನು ಬಿಡಿ. ಕಾನೂನು ಕೊಟ್ಟದ್ದನ್ನು ಉಪಕಾರವಾಗಿ ಬೇಡಲು ಹೋದರೆ ಉಪಕಾರ ಮಾಡುವವನು ತನ್ನ ಪುರಸೊತ್ತು ನೋಡುತ್ತಾನೆ, ನಿಮ್ಮ ಹತ್ತಿರ ಪುರಸೊತ್ತಿಲ್ಲ. "ನನ್ನ ಗಂಡ ತಪ್ಪು ಮಾಡಿಲ್ಲ, ಸತ್ಯ ಹೊರಗೆ ಬರುತ್ತೆ" ಅಂತಲೂ ಬರೆದಿದ್ದೀರಿ. ನನ್ನ ತಮ್ಮನೂ ಮಾಡಿರಲಿಲ್ಲ. ಸತ್ಯ ಹೊರಬರಲು ಐದು ವರ್ಷ ಬೇಕಾಯಿತು.

ಇವತ್ತೇ ಕಸ್ಟಡಿಗೆ ಕಳಿಸಿದ ರಿಮ್ಯಾಂಡ್ ಆದೇಶದ ನಕಲು ತಗೊಳ್ಳಿ. ಲೆಕ್ಕ ಹಿಡಿಯಬೇಕಾದದ್ದು ಮನೆಯಿಂದ ಕರೆದೊಯ್ದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಕಳಿಸಿದ ದಿನದಿಂದ. ಆ ದಿನವೂ ಸೇರುತ್ತದೆ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನಿಮ್ಮ 48 ಯಾವ ಲೆಕ್ಕದ್ದು ಅಂತ ಮೊದಲು ನೋಡಿ. ಯಾವ ಸೆಕ್ಷನ್ ಹಾಕಿದ್ದಾರೆ ಅಂತ ಎಫ್‌ಐಆರ್ ಓದಿಸಿ. "ಇದು ಹತ್ತು ವರ್ಷದ ಕೇಸು, 90 ದಿನ ಆಗಬೇಕು" ಅಂತ ಯಾರಾದರೂ ಅಂದರೆ ಅಷ್ಟಕ್ಕೇ ಒಪ್ಪಬೇಡಿ. ಹತ್ತು ವರ್ಷದವರೆಗೆ ಶಿಕ್ಷೆ ಅನ್ನುವುದು ಬೇರೆ, ಕನಿಷ್ಠ ಶಿಕ್ಷೆಯೇ ಹತ್ತು ವರ್ಷ ಅನ್ನುವುದು ಬೇರೆ; ಹಳೇ ಕಾನೂನಿನಲ್ಲಿ ಮೊದಲನೆಯದಕ್ಕೆ 60 ದಿನವೇ ಅಂತ 2017ರಲ್ಲಿ ತೀರ್ಪಾಗಿದೆ. ಹೊಸ ಕಾನೂನಿನ ಪದಗಳು ಸ್ವಲ್ಪ ಬದಲಾಗಿವೆ, ವಕೀಲರ ಎದುರು ಕೂತು ಆ ಸಾಲು ಓದಿಸಿ. ಯುಎಪಿಎ, ಅಂದರೆ ಭಯೋತ್ಪಾದನೆ ತಡೆಯುವ ಕಾನೂನು, ಏನಾದರೂ ಸೇರಿಸಿದ್ದರೆ ಲೆಕ್ಕವೇ ಬೇರೆ, 180 ದಿನದವರೆಗೆ ಹಿಗ್ಗಿಸಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ನಿಲ್ಲಬೇಡಿ. ಕಸ್ಟಡಿಯಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡಬೇಕು. 15100ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಕೊಪ್ಪಳದ ಕೋರ್ಟಿಗೇ ಹೋಗಿ ಅವರ ಕಚೇರಿ ಕೇಳಿ.

ಜಾಮೀನುದಾರರನ್ನೂ ಈಗಲೇ ಗೊತ್ತು ಮಾಡಿ. ಆದೇಶ ಕೈಗೆ ಬಂದ ಮೇಲೂ ನಮಗೆ ನಾಲ್ಕು ದಿನ ಹೋದದ್ದು ಇದಕ್ಕೇ: ಒಬ್ಬರ ಪಹಣಿಯಲ್ಲಿ ಸೊಸೈಟಿ ಸಾಲ ಇತ್ತು, ಇನ್ನೊಬ್ಬರ ಪಹಣಿ ಅವರ ಸತ್ತ ಅಪ್ಪನ ಹೆಸರಿನಲ್ಲೇ ಇತ್ತು. 61ನೇ ದಿನ ಕೋರ್ಟಿನ ಬಾಗಿಲು ತೆಗೆಯುವ ಹೊತ್ತಿಗೆ ವಕೀಲರ ಪಕ್ಕದಲ್ಲಿ ನೀವೂ ನಿಂತಿರಿ. ಅರ್ಜಿ ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿ, ತಾರೀಖಿನ ಪಕ್ಕದಲ್ಲಿ ಗಂಟೆ, ನಿಮಿಷ ಬರೆಸಿಕೊಂಡೇ ಹೊರಗೆ ಬನ್ನಿ.